ಪಟ್ಟಿಯಲ್ಲಿ ಕಾಣದ ವಿಂಡೋಸ್, ಡಿಸ್ಕಿನಲ್ಲೇ ಇದ್ದ ಲಗ್ನಪತ್ರಿಕೆ

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದಾಚೆ ಬೆಂಬಲವಿಲ್ಲವೆಂದು ಗೊತ್ತಾಯಿತು. ತೀರ್ಥಹಳ್ಳಿಯ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ 11 ಏರುವಂತಿರಲಿಲ್ಲ, ಪ್ರೊಸೆಸರ್ ಹಳೆಯದು. ಇಂಟರ್ನೆಟ್ ಕೆಲಸಕ್ಕೆ, ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಳ್ಳೋಣವೆಂದುಕೊಂಡೆ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮಾಡಿಟ್ಟ ಪೇಜ್‌ಮೇಕರ್ ಫೈಲುಗಳು ನೂರಾರು. ಅವುಗಳಿಗಾಗಿ ವಿಂಡೋಸ್ ಕೂಡ ಉಳಿಯಬೇಕಿತ್ತು.

ಆಗ ಆಷಾಢದ ಮಳೆ. ನಮ್ಮಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು. ಲಿನಕ್ಸಿಗೆ ಜಾಗ ಮಾಡಲು ವಿಂಡೋಸಿನ ಪಾರ್ಟಿಶನ್ (ಡಿಸ್ಕಿನ ಭಾಗ) ಕುಗ್ಗಿಸುವಾಗಲೇ ಹೋದರೆ ಫೈಲುಗಳಿಗೇ ಸಂಚಕಾರ. ಆದ್ದರಿಂದ ವಿಂಡೋಸ್ ಇದ್ದ ಎಸ್‌ಎಸ್‌ಡಿ ಡಿಸ್ಕನ್ನು ಮುಟ್ಟದೆ, ಹಳೆಯ ಹಾರ್ಡ್‌ಡಿಸ್ಕ್ ಒಂದನ್ನು ಜೋಡಿಸಿ ಲಿನಕ್ಸನ್ನು ಅದಕ್ಕೆ ಹಾಕಿದೆ. ಮಲೆನಾಡಿನವರು ಯಾರೇ ಕೇಳಿದರೂ ಇಂದಿಗೂ ಹೀಗೇ ಮಾಡಿ ಎನ್ನುತ್ತೇನೆ.

ಮತ್ತೆ ಚಾಲೂ ಮಾಡಿದರೆ, ಯಾವ ವ್ಯವಸ್ಥೆ ಬೇಕೆಂದು ಆರಂಭದಲ್ಲೇ ಕೇಳುವ ಗ್ರಬ್ ಪಟ್ಟಿಯಲ್ಲಿ ಲಿನಕ್ಸ್ ಮಾತ್ರ. ಶ್ರಾವಣದ ಮದುವೆಯ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದು ಕುಳಿತಿದ್ದ ಹಿರಿಯರು, “ನಮ್ಮದೂ ಹೋಯಿತೇನೋ ತಮ್ಮಾ?” ಎಂದರು. ನನಗೆ ಬಾಯಿ ಒಣಗಿತು. ಫೋನಿನಲ್ಲಿ ಕೇಳಿದರೆ ಪರಿಚಯದ ರಿಪೇರಿಯವರೊಬ್ಬರು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡಿ ಎಂದರು. ಆ ಮಾತು ಕೇಳಲಿಲ್ಲ, ಬದುಕಿಕೊಂಡೆ. ಲಿನಕ್ಸಿನಿಂದಲೇ ಎಸ್‌ಎಸ್‌ಡಿ ತೆರೆದು ನೋಡಿದೆ: ಒಂದು ಫೈಲೂ ಕದಲಿರಲಿಲ್ಲ. ಮೊದಲು ಅವನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದೆ. ಆಮೇಲೆ ಕಂಪ್ಯೂಟರ್ ಆನ್ ಆಗುವಾಗ ಎಫ್12 ಒತ್ತಿ, ಬಂದ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದೆ. ವಿಂಡೋಸ್ ಎಂದಿನಂತೆ ಎದ್ದಿತು. ಹಿರಿಯರು ಪ್ರೂಫ್ ತೆಗೆದುಕೊಂಡೇ ಹೋದರು.

ಕಾರಣ ಹುಡುಕಿದ್ದು ಭಾನುವಾರ. ಕಂಪ್ಯೂಟರ್ ಚಾಲೂ ಆಗಲು ಎರಡು ಪದ್ಧತಿಗಳಿವೆ. ಹಳೆಯ ಬಯಾಸ್ ಪದ್ಧತಿಯಲ್ಲಿ ಯಂತ್ರವು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಹೊಸ ಯುಇಎಫ್‌ಐ ಪದ್ಧತಿಯಲ್ಲಿ ಫ್ಯಾಟ್32 ಮಾದರಿಯ ಚಿಕ್ಕದೊಂದು ಇಎಫ್‌ಐ ಪಾರ್ಟಿಶನ್ ಇರುತ್ತದೆ, ಪ್ರತಿ ವ್ಯವಸ್ಥೆಗೂ ಅಲ್ಲಿ ತನ್ನದೇ ಫೋಲ್ಡರ್. ನನ್ನ ವಿಂಡೋಸ್ ಹೊಸ ಪದ್ಧತಿಯದು. ಲಿನಕ್ಸ್ ಹಾಕಲು ಬಳಸಿದ ಪೆನ್‌ಡ್ರೈವ್ ಮಾತ್ರ ಹಳೆಯ ಪದ್ಧತಿಯಲ್ಲಿ ಚಾಲೂ ಆಗಿತ್ತು. ಹಳೆಯ ಪದ್ಧತಿಯ ಗ್ರಬ್, ಯುಇಎಫ್‌ಐ ವಿಂಡೋಸನ್ನು ಎಬ್ಬಿಸಲಾರದು. ನನ್ನ ಯಂತ್ರದ ಎಫ್12 ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಸಲ ಬರುತ್ತದೆ, ಒಂದರ ಮೊದಲಿಗೆ ಮಾತ್ರ ಯುಇಎಫ್‌ಐ ಎಂದಿರುತ್ತದೆ. ನಾನು ಇನ್ನೊಂದನ್ನು ಒತ್ತಿದ್ದೆ. ಯಾವ ಪದ್ಧತಿಯಲ್ಲಿ ಚಾಲೂ ಆಗಿದೆಯೆಂದು ತಿಳಿಯಲು ಲಿನಕ್ಸಿನ ಸಿಸ್ (sys) ಫೋಲ್ಡರಿನಲ್ಲಿ ಫರ್ಮ್‌ವೇರ್ (firmware) ಎಂಬ ಫೋಲ್ಡರ್ ತೆರೆದು ನೋಡಿ; ಅಲ್ಲಿ ಇಎಫ್‌ಐ (efi) ಇಲ್ಲದಿದ್ದರೆ ಹಳೆಯ ಪದ್ಧತಿಯೆಂದೇ ಅರ್ಥ.

ಈ ಸಲ ಯುಇಎಫ್‌ಐ ಹೆಸರನ್ನೇ ಆರಿಸಿ ಲಿನಕ್ಸನ್ನು ಮತ್ತೆ ಹಾಕಿದೆ. ಎಸ್‌ಎಸ್‌ಡಿಯಲ್ಲಿ ಮೊದಲೇ ಇದ್ದ 100 ಎಂಬಿಯ ಇಎಫ್‌ಐ ಪಾರ್ಟಿಶನ್ನನ್ನು ಬಳಸಲು ಹೇಳಿ, ಅದರ ಎದುರಿನ ಫಾರ್ಮ್ಯಾಟ್ ಗುರುತು ಇಲ್ಲದಿರುವುದನ್ನು ಎರಡು ಸಲ ನೋಡಿಕೊಂಡೆ. ಅಲ್ಲಿ ಕೈ ತಪ್ಪಿದರೆ ವಿಂಡೋಸಿನ ಬೂಟ್ ಫೈಲುಗಳು ನಿಜಕ್ಕೂ ಅಳಿಸಿಹೋಗುತ್ತವೆ.

ಆದರೂ ಪಟ್ಟಿಯಲ್ಲಿ ವಿಂಡೋಸ್ ಬರಲಿಲ್ಲ. 2021ರ ಗ್ರಬ್ 2.06ರಿಂದೀಚೆಗೆ ಬೇರೆ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್ ಪ್ರೋಬರ್’ ಮೂಲತಃ ನಿಷ್ಕ್ರಿಯವಾಗಿರುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಸಕ್ರಿಯಗೊಳಿಸಿ ‘ಅಪ್‌ಡೇಟ್ ಗ್ರಬ್’ ಆದೇಶ ಕೊಟ್ಟೆ. ಎರಡೂ ಹೆಸರುಗಳು ಬಂದವು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಪಟ್ಟಿಯೇ ಬರದೆ ನೇರವಾಗಿ ವಿಂಡೋಸ್ ತೆರೆಯಿತು. ಹಿಂದಿನ ಸಂಜೆ ವಿಂಡೋಸ್ ಅಪ್‌ಡೇಟ್ ಆಗಿತ್ತು. ಯಂತ್ರದ ಒಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರಿನ ಸೆಟ್ಟಿಂಗಿಗೆ ಹೋಗಿ ನೋಡಿದರೆ, ಯಾವುದು ಮೊದಲು ಚಾಲೂ ಆಗಬೇಕೆನ್ನುವ ಬೂಟ್ ಸರದಿಯಲ್ಲಿ ಲಿನಕ್ಸ್ ಎರಡನೆಯದಾಗಿತ್ತು. ಮೇಲಕ್ಕೆ ತಂದು ಉಳಿಸಿ, ಅಂಗಡಿಯ ಬಾಗಿಲು ತೆರೆದೆ.