ಅಡುಗೆಮನೆಯ ಚಿಮಣಿ: ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಯಾವಾಗ ಬಿಚ್ಚಿಸಬೇಕು

ಊರಿನ ಮನೆಯಲ್ಲಿ ಕಟ್ಟಿಗೆ ಉರಿಸುವ ಅಸ್ತ್ರ ಒಲೆ ಕಂಡವರಿಗೆ ಹೊಗೆಕೊಳವೆಯ ಮಸಿ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಆ ಒಲೆಯ ಕೊಳವೆಯನ್ನು ಆಗಾಗ ಕೆರೆಯದೆ ಬಿಟ್ಟರೆ ಹೊಗೆ ತಿರುಗಿ ಅಡುಗೆಮನೆಗೇ ಬರುತ್ತದೆ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಮನೆಯವರು ಮುಂಬಯಿ ಕಡೆಗೆ ಬಂದು ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಫ್ಲ್ಯಾಟ್ ಕೊಂಡು ಗ್ಯಾಸ್ ಒಲೆಯ ಮೇಲೆ ವಿದ್ಯುತ್ ಚಿಮಣಿ ಕೂರಿಸಿದ ಮೇಲೆ, ಗುಂಡಿ ಒತ್ತಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಕಟ್ಟಿಗೆಯ ಮಸಿ ಒಣಗಿದ್ದು, ಕೆರೆದರೆ ಉದುರುತ್ತದೆ. ಗ್ಯಾಸ್ ಒಲೆಯ ಮೇಲಿನ ಚಿಮಣಿಯಲ್ಲಿ ಕೂರುವುದು ಎಣ್ಣೆಯ ಜಿಡ್ಡು, ಅದು ದಿನ ಕಳೆದಷ್ಟೂ ಗಟ್ಟಿಯಾಗುತ್ತದೆ.

ಎಷ್ಟು ದಿನಕ್ಕೊಮ್ಮೆ ಶುಚಿಗೊಳಿಸಬೇಕು ಎಂಬ ಪ್ರಶ್ನೆಗೆ ಕ್ಯಾಲೆಂಡರಿನಲ್ಲಿ ಉತ್ತರ ಹುಡುಕುವುದಕ್ಕಿಂತ ಬಾಣಲೆಯಲ್ಲಿ ಹುಡುಕುವುದು ಸರಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಅಗ್ನಿಸುರಕ್ಷತಾ ಮಾನದಂಡವಾದ ಎನ್‌ಎಫ್‌ಪಿಎ 211, ಮನೆಯ ಬೆಂಕಿಗೂಡಿನ ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆನ್ನುತ್ತದೆ. ಹೋಟೆಲುಗಳ ಅಡುಗೆಮನೆಗೆ ಅನ್ವಯಿಸುವ ಎನ್‌ಎಫ್‌ಪಿಎ 96 ಮಾತ್ರ ಒಂದೇ ಅವಧಿಯನ್ನು ಎಲ್ಲರಿಗೂ ಹೇಳುವುದಿಲ್ಲ: ಕಟ್ಟಿಗೆ ಅಥವಾ ಇದ್ದಿಲು ಉರಿಸುವಲ್ಲಿ ತಿಂಗಳಿಗೊಮ್ಮೆ, ಹಗಲಿರುಳೂ ಅಡುಗೆ ನಡೆಯುವಲ್ಲಿ ಮೂರು ತಿಂಗಳಿಗೊಮ್ಮೆ, ಸಾಧಾರಣ ಅಡುಗೆಯಿರುವಲ್ಲಿ ಆರು ತಿಂಗಳಿಗೊಮ್ಮೆ, ಅಪರೂಪಕ್ಕೆ ಒಲೆ ಹಚ್ಚುವಲ್ಲಿ ವರ್ಷಕ್ಕೊಮ್ಮೆ ನೋಡಬೇಕೆನ್ನುತ್ತದೆ. ಮನೆಗೂ ಇದೇ ತರ್ಕ ಹೊಂದುತ್ತದೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಸಾರು, ರಾತ್ರಿ ಗಂಜಿಯ ಮನೆಗೂ, ವಾರಕ್ಕೆ ಮೂರು ದಿನ ಬಂಗುಡೆ ಹುರಿದು ಭಾನುವಾರ ಪೂರಿ ಕರಿಯುವ ಮನೆಗೂ ಒಂದೇ ಲೆಕ್ಕ ಹಾಕಲಾಗದು.

ಅಂದಾಜಿಗೆ ಹೇಳುವುದಾದರೆ, ಅಡ್ಡಪಟ್ಟಿಗಳಿರುವ ಸ್ಟೀಲಿನ ಬ್ಯಾಫಲ್ ಫಿಲ್ಟರನ್ನು ಕರಿಯುವುದು ಹೆಚ್ಚಿರುವ ಮನೆಯಲ್ಲಿ ತಿಂಗಳಿಗೊಮ್ಮೆ, ಕಡಿಮೆಯಿದ್ದರೆ ಎರಡು ತಿಂಗಳಿಗೊಮ್ಮೆ ತೊಳೆಯಬೇಕು. ಅಲ್ಯೂಮಿನಿಯಂ ಜಾಲರಿಯ ಫಿಲ್ಟರಿನ ಕಣ್ಣುಗಳು ಬೇಗ ಮುಚ್ಚಿಕೊಳ್ಳುವುದರಿಂದ ಅದಕ್ಕೆ ಎರಡು-ಮೂರು ವಾರಕ್ಕೊಮ್ಮೆ ಸ್ನಾನ ಬೇಕು. ಹೊರಗೆ ಕೊಳವೆಯಿಲ್ಲದ ಚಿಮಣಿಯ ಇದ್ದಿಲು ಫಿಲ್ಟರನ್ನು ತೊಳೆಯುವಂತಿಲ್ಲ. ಮೂರರಿಂದ ಆರು ತಿಂಗಳಿಗೆ ಬದಲಿಸುವುದೊಂದೇ ದಾರಿ. ಒಳಗೆ ಹೊಗೆಯನ್ನು ಎಳೆಯುವ ಫ್ಯಾನಾದ ಬ್ಲೋವರ್ ಮತ್ತು ಹೊರಹೋಗುವ ಕೊಳವೆಯನ್ನು ಮೆಕ್ಯಾನಿಕ್‌ನಿಂದ ವರ್ಷಕ್ಕೊಮ್ಮೆ, ಕರಿಯುವ ಮನೆಯಾದರೆ ಎರಡು ಸಲ, ಬಿಚ್ಚಿಸಬೇಕು.

ಈ ಅಂದಾಜಿಗಿಂತ ನಿಮ್ಮ ಬೆರಳನ್ನು ಹೆಚ್ಚು ನಂಬಬಹುದು. ಚಿಮಣಿ ಆರಿ ತಣ್ಣಗಾದ ಮೇಲೆ ಫಿಲ್ಟರಿನ ಕೆಳಮೈಯನ್ನು ತೋರುಬೆರಳಿನಿಂದ ಸವರಿ ನೋಡಿ. ತೆಳುವಾಗಿ ಎಣ್ಣೆ ಹತ್ತಿದರೆ ಇನ್ನೂ ಸಮಯವಿದೆ. ಬೆರಳನ್ನೂ ಹೆಬ್ಬೆರಳನ್ನೂ ಕೂಡಿಸಿ ಬಿಡಿಸಿದಾಗ ಬೆಲ್ಲದ ಪಾಕದಂತೆ ಕಂದು ಎಳೆ ಬಂದರೆ ಆಗಲೇ ತಡವಾಗಿದೆ. ಇನ್ನೊಂದು ಪರೀಕ್ಷೆಯೆಂದರೆ, ಒಲೆ ಆರಿಸಿಟ್ಟು ಚಿಮಣಿಯನ್ನು ಪೂರ್ತಿ ವೇಗದಲ್ಲಿ ಓಡಿಸಿ, ತೆಳುಕಾಗದದ ತುಂಡೊಂದನ್ನು ಫಿಲ್ಟರಿಗೆ ತಾಗಿಸುವುದು. ಕಾಗದ ಅಂಟಿಕೊಂಡು ನಿಂತರೆ ಸರಿ. ಫಿಲ್ಟರ್ ತೊಳೆದ ಮೇಲೂ ಅದು ಜಾರಿ ಬಿದ್ದರೆ ದೋಷ ಬ್ಲೋವರಿನಲ್ಲೋ ಕೊಳವೆಯಲ್ಲೋ ಇದೆಯೆಂದು ತಿಳಿಯಬೇಕು.

ತೊಳೆಯುವ ಕ್ರಮ ಕಷ್ಟದ್ದಲ್ಲ, ಆದರೆ ಆತುರದ್ದೂ ಅಲ್ಲ. ಮೊದಲು ಪ್ಲಗ್ ತೆಗೆದು, ಒಲೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಫಿಲ್ಟರನ್ನೂ ಎಣ್ಣೆ ಕೂಡುವ ಬಟ್ಟಲನ್ನೂ ಬಿಚ್ಚಿಕೊಳ್ಳಬೇಕು. ಬಟ್ಟಲಿನ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು, ಏಕೆಂದರೆ ಪೈಪಿನೊಳಗೆ ಅದು ಹೆಪ್ಪುಗಟ್ಟಿದರೆ ಕೆಳಗಿನ ಮಹಡಿಯವರ ಜೊತೆ ಜಗಳ ಬೇರೆ. ಖಾಲಿ ಹಾಲಿನ ಪೊಟ್ಟಣದಲ್ಲಿ ಪತ್ರಿಕೆಯ ಚೂರು ತುರುಕಿ ಅದರಲ್ಲಿ ಹೀರಿಸಿ ಕಸಕ್ಕೆ ಹಾಕುವುದು ಲೇಸು. ಸ್ಟೀಲಿನ ಫಿಲ್ಟರನ್ನು ಅಗಲವಾದ ಟಬ್ಬಿನಲ್ಲಿಟ್ಟು, ಕೈ ತಾಳದಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನೂ ಎರಡು-ಮೂರು ಚಮಚ ಅಡುಗೆ ಸೋಡಾವನ್ನೂ ಬೆರೆಸಿ ಹೊಯ್ದು, ಅರ್ಧ ಗಂಟೆ ನೆನೆಯಲು ಬಿಟ್ಟರೆ ಮುಕ್ಕಾಲು ಪಾಲು ಜಿಡ್ಡು ತಾನೇ ಮೇಲೆ ತೇಲುತ್ತದೆ. ಉಳಿದುದಕ್ಕೆ ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಅಲ್ಯೂಮಿನಿಯಂ ಜಾಲರಿಗೆ ಸೋಡಾ ಬೇಡ, ಅದು ಲೋಹವನ್ನು ಕಪ್ಪಾಗಿಸುತ್ತದೆ. ಕಾಸ್ಟಿಕ್ ಸೋಡಾವಂತೂ ಅಲ್ಯೂಮಿನಿಯಂ ಅನ್ನು ತಿಂದೇ ಹಾಕುತ್ತದೆ. ಸರ್ವಿಸಿಗೆ ಬಂದವರು ತಂದ ಬಾಟಲಿಯಲ್ಲಿ ಏನಿದೆಯೆಂದು ಕೇಳುವುದರಲ್ಲಿ ಸಂಕೋಚ ಬೇಡ. ತೊಳೆದ ಫಿಲ್ಟರನ್ನು ನೀರು ತೊಟ್ಟಿಕ್ಕುವಾಗಲೇ ಜೋಡಿಸಬಾರದು. ಸಮುದ್ರದ ಉಪ್ಪುಗಾಳಿಯ ಈ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಒದ್ದೆಯಾಗಿ ಸೇರಿದ ಲೋಹಕ್ಕೆ ತುಕ್ಕು ಹತ್ತಲು ಹೆಚ್ಚು ದಿನ ಬೇಕಿಲ್ಲ.

ಆಟೋ-ಕ್ಲೀನ್ ಚಿಮಣಿ ಕೊಂಡವರಿಗೆ ಇದೆಲ್ಲ ಬೇಕಿಲ್ಲವೆಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಅದರ ಒಳಗಿನ ಹೀಟರ್, ಬ್ಲೋವರಿಗೆ ಅಂಟಿದ ಜಿಡ್ಡನ್ನು ಕರಗಿಸಿ ಬಟ್ಟಲಿಗೆ ಇಳಿಸುತ್ತದೆ, ಅಷ್ಟೆ. ಬಟ್ಟಲನ್ನು ನೀವೇ ಚೆಲ್ಲಬೇಕು, ಮತ್ತು ಹೊರಗಿನ ಕೊಳವೆಗೆ ಆ ಶಾಖ ಏನನ್ನೂ ಮಾಡುವುದಿಲ್ಲ.

ಕೊಳವೆಯ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ವಾರ್ಷಿಕ ಒಪ್ಪಂದದ ಮೇಲೆ ಬಂದ ಹುಡುಗ ಹೊರಮೈ ಒರೆಸಿ, ಫಿಲ್ಟರ್ ತೊಳೆದು, ಸಹಿ ಹಾಕಿಸಿಕೊಂಡು ಹೋದ. ಎರಡೇ ವಾರಕ್ಕೆ ಗೋಡೆಯ ಮೇಲೆ ಕಂದು ಗೆರೆಯೊಂದು ಇಳಿಯಿತು. ಅಟ್ಟದ ಡಬ್ಬಗಳನ್ನೆಲ್ಲ ಇಳಿಸಿ ನೋಡಿದರೆ, ಅವುಗಳ ಹಿಂದೆ ಹಾದುಹೋದ ಕೊಳವೆ ನಡುವೆ ಜೋತು, ಆ ತಗ್ಗಿನಲ್ಲಿ ಒಂದು ಲೋಟದಷ್ಟು ಎಣ್ಣೆ ನಿಂತಿತ್ತು. ಕೆಳಗೆ ಒಗ್ಗರಣೆಗೆ ಬೆಂಕಿ ಹತ್ತಿದ್ದರೆ ಆ ಎಣ್ಣೆಯೇ ಉರುವಲಾಗುತ್ತಿತ್ತು. ಅಂದಿನಿಂದ ಕೊಳವೆ ಬಿಚ್ಚಿ ಒಳಗೆ ಟಾರ್ಚ್ ಹಾಕಿ ತೋರಿಸುವವರೆಗೆ ನಾನು ಸಹಿ ಹಾಕುವುದಿಲ್ಲ. ಬಾಣಲೆಯಲ್ಲಿ ಬೆಂಕಿ ಎದ್ದರೆ ಗ್ಯಾಸನ್ನೂ ಚಿಮಣಿಯನ್ನೂ ಕೂಡಲೇ ಆರಿಸಿ ಮುಚ್ಚಳ ಮುಚ್ಚಬೇಕು, ನೀರು ಹಾಕಲೇಬಾರದು.

ವರ್ಷಕ್ಕೊಂದೇ ಸಲ ಬಿಚ್ಚಿಸುವುದಾದರೆ ಯಾವಾಗ? ಗಣಪತಿಯ ಕರಿಗಡುಬಿನಿಂದ ಹಿಡಿದು ದೀಪಾವಳಿಯ ಚಕ್ಕುಲಿಯವರೆಗೆ ಮುಂಬಯಿಯ ಕನ್ನಡದ ಮನೆಗಳಲ್ಲಿ ಎಣ್ಣೆ ಆರುವುದೇ ಇಲ್ಲ. ಆದ್ದರಿಂದ ದೀಪಾವಳಿ ಕಳೆದ ವಾರವೇ ಉತ್ತಮ. ಹಬ್ಬಕ್ಕೆ ಮೊದಲು ಮನೆಯೆಲ್ಲ ಲಕಲಕ ಹೊಳೆಯಲೆಂದು ಮಾಡಿಸುವವರು ಹಣ ತೆತ್ತು, ನಿಜವಾದ ಜಿಡ್ಡನ್ನು ಮುಂದಿನ ವರ್ಷದವರೆಗೆ ಗಟ್ಟಿಯಾಗಲು ಬಿಡುತ್ತಾರೆ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕೊಳವೆಯ ಹೊರಬಾಯಿಯನ್ನೊಮ್ಮೆ ಕಿಟಕಿಯಿಂದ ಇಣುಕಿ ನೋಡಬೇಕು. ಮರಾಠಿಯಲ್ಲಿ ಚಿಮಣಿಯೆಂದರೆ ಗುಬ್ಬಚ್ಚಿ. ಆದರೆ ಈ ಊರಿನ ಚಿಮಣಿಯಲ್ಲಿ ಸಂಸಾರ ಹೂಡುವುದು ಪಾರಿವಾಳ. ಹೊರಬಾಯಿಯ ತಗಡಿನ ರೆಕ್ಕೆಗಳು ಜಿಡ್ಡಿಗೆ ಅಂಟಿ ತೆರೆದೇ ಉಳಿದಿದ್ದರೆ, ಅಲ್ಲಿಂದ ಇರಚಲು ನೀರೂ ಬರುತ್ತದೆ, ಹುಲ್ಲುಕಡ್ಡಿಯೂ ಬರುತ್ತದೆ. ಎತ್ತರದ ಮಹಡಿಯಾದರೆ ಕೈ ಚಾಚುವ ಸಾಹಸ ಬೇಡ, ಮೆಕ್ಯಾನಿಕ್‌ನನ್ನೇ ಕರೆಸಿ. ಹಕ್ಕಿ ಬಾರದಂತೆ ಜಾಲರಿ ಹಾಕಿಸುವಾಗ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದು ಸಲ್ಲದು, ಅದು ಜಿಡ್ಡಿನಿಂದ ಬೇಗ ಮುಚ್ಚಿಹೋಗುತ್ತದೆ. ಒಂದು ಅಂಗುಲ ಕಣ್ಣಿನದು ಪಾರಿವಾಳವನ್ನು ತಡೆಯುತ್ತದೆ, ಹೊಗೆಯನ್ನು ತಡೆಯುವುದಿಲ್ಲ.