ಜಪಾನ್‌ಗೆ ಗೈಡ್‌ಬುಕ್ ಕೊಳ್ಳುವ ಮುಂಚೆ

ಜಪಾನ್ ಪ್ರವಾಸಕ್ಕೆ ಗೈಡ್‌ಬುಕ್ ಕೊಳ್ಳುವವರು ಮುಖಪುಟದ ಫೋಟೋಗೆ ಮರುಳಾಗಬೇಡಿ. ಮೊದಲು ಮುದ್ರಣದ ವರ್ಷ ನೋಡಿ. ಆಮೇಲೆ ಸೀದಾ ಜೆಆರ್ (ಜಪಾನ್ ರೈಲ್ವೇಸ್) ರೈಲು ಪಾಸ್, ಅಂದರೆ ಒಮ್ಮೆ ದುಡ್ಡು ಕೊಟ್ಟು ಇಂತಿಷ್ಟು ದಿನ ರೈಲಿನಲ್ಲಿ ಓಡಾಡುವ ಪಾಸ್, ಇರುವ ಪುಟ ತೆಗೆಯಿರಿ. 7 ದಿನದ ಸಾಮಾನ್ಯ ಪಾಸ್ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಹಳೇ ಪುಸ್ತಕಗಳ ಲೆಕ್ಕವೆಲ್ಲ ಅಲ್ಲೇ ತಲೆಕೆಳಗಾಗುತ್ತದೆ. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲಿನಲ್ಲಿ ಹೋಗಿ ಬರಲು ಬಿಡಿ ಟಿಕೆಟ್‌ಗೆ ಸುಮಾರು 28,000 ಯೆನ್ ಆಗುತ್ತದೆ. ಅಷ್ಟೇ ಓಡಾಟಕ್ಕೆ ಪಾಸ್ ಸುಮ್ನೆ ದಂಡ, ಅಲ್ವಾ?

ಸಸ್ಯಾಹಾರಿಗಳು ಊಟದ ಅಧ್ಯಾಯವನ್ನೂ ಓದಿ. ಹುದುಗಿಸಿದ ಸೋಯಾ ಪೇಸ್ಟ್‌ನಿಂದ ಮಾಡುವ ಮಿಸೊ ಸೂಪ್‌ನಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದಕ್ಕೆ ಹಾಕುವ ದಾಶಿ ಎಂಬ ತಿಳಿಸಾರನ್ನು ಹೆಚ್ಚಾಗಿ ಒಣಮೀನಿನಿಂದಲೇ ಮಾಡುತ್ತಾರೆ. ಇದನ್ನು ಹೇಳದ ಪುಸ್ತಕ ನಮಗೆ ಬೇಡವೇ ಬೇಡ. ಜಾಗದ ಹೆಸರುಗಳು ಜಪಾನಿ ಲಿಪಿಯಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಟ್ಯಾಕ್ಸಿಯವರಿಗೆ ಪುಟ ತೋರಿಸಿದರೆ ಸಾಕು.