ಬಾನ್ಸ್ಕಾ ಶ್ಟ್ಯಾವ್ನಿತ್ಸಾ: ಎರಡು ಕೋಟೆ, ಹತ್ತಾರು ಕೆರೆ

ಸ್ಲೊವಾಕಿಯಾದ ನಡುಭಾಗದ ಬೆಟ್ಟಸಾಲಿನಲ್ಲಿರುವ ಈ ಪುಟ್ಟ ಊರು ಬೆಳ್ಳಿಗಣಿಗಳಿಂದ ಬೆಳೆದದ್ದು. 1993ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಕೋಟೆಗಳನ್ನಷ್ಟೇ ನೋಡಿ ಅದೇ ದಿನ ಹಿಂದಿರುಗುವವರು ಬಹಳ ಮಂದಿ. ಕೆರೆಗಳನ್ನು ನೋಡದೆ ಈ ಊರು ಅರ್ಥವಾಗದು. ಎರಡು ದಿನ ಇಟ್ಟುಕೊಳ್ಳಿ.

ಮೊದಲು ದಾರಿ. ಷೆಂಗೆನ್ ವೀಸಾ ಬೇಕು, ಖರ್ಚಿಗೆ ಯೂರೊ. ವಿಯೆನ್ನಾದಲ್ಲಿ ಇಳಿದರೆ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಮುಂದಕ್ಕೆ ರೈಲು ಹಿಡಿಯಿರಿ. ಹ್ರೊನ್ಸ್ಕಾ ದೂಬ್ರಾವಾದಿಂದ ಕವಲೊಡೆಯುವ ಹಳಿ ಕಾಡಿನ ನಡುವೆ ಏರುತ್ತಾ ಊರು ಮುಟ್ಟುತ್ತದೆ. ನಿಲ್ದಾಣ ತಗ್ಗಿನಲ್ಲಿದೆ, ಹಳೆಯ ಪೇಟೆ ಮೇಲಿದೆ. ಬೀದಿಗಳಿಗೆ ಕಲ್ಲು ಹಾಸಿರುವುದರಿಂದ ಗಟ್ಟಿ ಅಡಿಯ ಬೂಟು ಹಾಕಿಕೊಳ್ಳಿ.

ಬೆಳಿಗ್ಗೆ ಹಳೆಯ ಕೋಟೆಯಿಂದ ಆರಂಭಿಸಿ. ಇದು 13ನೇ ಶತಮಾನದ ಚರ್ಚ್. ಒಟ್ಟೊಮನ್ ಸೇನೆ ಹತ್ತಿರವಾದಾಗ, 16ನೇ ಶತಮಾನದಲ್ಲಿ, ಅದನ್ನೇ ಕೋಟೆಯಾಗಿಸಿದರು. ಪ್ರಾರ್ಥನೆ ನಡೆಯುತ್ತಿದ್ದ ಜಾಗ ಈಗ ಬಯಲು ಅಂಗಳ. ಅಲ್ಲಿ ನಿಂತು ಸುತ್ತಲ ಗೋಡೆಗಳನ್ನು ನಿಧಾನವಾಗಿ ನೋಡಿ. ಆಮೇಲೆ ಎದುರು ಗುಡ್ಡದ ಹೊಸ ಕೋಟೆಗೆ ಹತ್ತಿ. 1571ರಲ್ಲಿ ಮುಗಿದ ಈ ಬಿಳಿಯ ಕಾವಲುಗೋಪುರದಿಂದ ಊರಿಡೀ ಕಾಣುತ್ತದೆ.

ಮಧ್ಯಾಹ್ನ ಗಣಿ ವಸ್ತುಸಂಗ್ರಹಾಲಯ. ಹೆಲ್ಮೆಟ್, ಮೇಲಂಗಿ, ದೀಪ ಕೊಟ್ಟು ನೆಲದಡಿಗೆ ಕರೆದೊಯ್ಯುತ್ತಾರೆ. ಬೇಸಿಗೆಯಲ್ಲೂ ಸ್ವೆಟರ್ ಬೇಕೇ ಬೇಕು. ಗಣಿಯೊಳಗೆ ಬಂಡೆ ಒಡೆಯಲು ಸಿಡಿಮದ್ದನ್ನು ಈ ಊರಿನಲ್ಲಿ ಬಳಸಿದ್ದು 1627ರಲ್ಲಿ. ಅದಕ್ಕೂ ಮೊದಲು ಉಳಿ, ಸುತ್ತಿಗೆಗಳೇ ಗತಿ. ಸಂಜೆ ಊರಾಚೆಯ ಗುಡ್ಡದ ಮೇಲಿನ ಕಲ್ವಾರಿಯಾಕ್ಕೆ, ಅಂದರೆ ಯೇಸುವಿನ ಶಿಲುಬೆಯ ಹಾದಿಯನ್ನು ನೆನಪಿಸುವ ಚರ್ಚುಗಳಿಗೆ, ನಡೆದುಹೋಗಿ.

ಎರಡನೆಯ ದಿನ ಕೆರೆಗಳಿಗೆ. ಸ್ಥಳೀಯರು ಇವನ್ನು ತಾಯ್ಖಿ ಎನ್ನುತ್ತಾರೆ. ಗಣಿ ಆಳಕ್ಕಿಳಿದಂತೆ ನೀರು ತುಂಬುತ್ತಿತ್ತು. ಅದನ್ನು ಎತ್ತುವ ಯಂತ್ರ ತಿರುಗಿಸಲು ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲ. ಆದ್ದರಿಂದ ಬೆಟ್ಟದ ಮಳೆನೀರನ್ನು ಕಾಲುವೆಗಳಲ್ಲಿ ತಂದು, ಏರಿ ಕಟ್ಟಿ ನಿಲ್ಲಿಸಿದರು. ನೀರನ್ನು ನೀರಿನಿಂದಲೇ ಎತ್ತಿದ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ. 18ನೇ ಶತಮಾನದಲ್ಲಿ ಇದನ್ನು ವಿಸ್ತರಿಸಿದವರಲ್ಲಿ ಎಂಜಿನಿಯರ್ ಸಾಮುಯೆಲ್ ಮಿಕೊವೀನಿ ಪ್ರಮುಖ. ಸುಮಾರು ಅರವತ್ತು ಕೆರೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಇನ್ನೂ ಉಳಿದಿವೆ.

ಕ್ಲಿಂಗರ್ ಕೆರೆಗೆ ಪೇಟೆಯಿಂದಲೇ ನಡೆಯಬಹುದು. ಬಳಿಕ ಪೊಚೂವಾಡ್ಲೊ ಕೆರೆಗೆ ಹೋಗಿ, ಅಲ್ಲಿಂದ 1,009 ಮೀಟರ್ ಎತ್ತರದ ಸಿತ್ನೊ ಬೆಟ್ಟ ಹತ್ತಿ. ಮರಗಳ ಮೇಲೆ ಎರಡು ಬಿಳಿ ಗೆರೆಗಳ ನಡುವೆ ಬಳಿದ ಬಣ್ಣದ ಪಟ್ಟೆಯೇ ದಾರಿಗುರುತು. ತುದಿಯಲ್ಲಿ ಪಾಳುಕೋಟೆಯಿದೆ. ಬೇಸಿಗೆಯಾದರೆ ಈಜುಡುಗೆ ಚೀಲದಲ್ಲಿರಲಿ; ಇಳಿದು ಬಂದವರು ನೇರವಾಗಿ ಕೆರೆಗೇ ಇಳಿಯುತ್ತಾರೆ.